ಅಂಗಡಿ ತೆರೆದ ಮೇಲಿನ ಕೆಲಸ: ಆನ್‌ಲೈನ್ ವ್ಯಾಪಾರದ ತಂತ್ರಾಂಶವೂ ಅದರ ಪಾಲನೆಯೂ



ವ್ಯಾಪಾರವು ಅಂಗಡಿಯ ಬಾಗಿಲನ್ನು ತೆರೆದ ದಿನ ಮುಗಿಯುವ ಕಾರ್ಯವಲ್ಲ. ಅಂದು ಆರಂಭವಾಗುವ ಕಾರ್ಯ. ಶುಭಮುಹೂರ್ತವನ್ನು ನೋಡಿ, ಬಾಗಿಲಿಗೆ ತೋರಣ ಕಟ್ಟಿ, ಬಂದವರಿಗೆ ಪೇಡೆ ಹಂಚಿ ಅಂಗಡಿಯನ್ನು ತೆರೆದ ವರ್ತಕನು ಮರುದಿನ ಬೆಳಿಗ್ಗೆ ಕಸ ಗುಡಿಸಬೇಕಾಗುತ್ತದೆ. ತಕ್ಕಡಿಯ ತಟ್ಟೆಗಳನ್ನು ಒರೆಸಬೇಕಾಗುತ್ತದೆ. ರಾತ್ರಿ ಬೀಗ ಹಾಕಿ ಒಮ್ಮೆ ಎಳೆದು ನೋಡಬೇಕಾಗುತ್ತದೆ. ಕಣ್ಣಿಗೆ ಕಾಣುವ ಅಂಗಡಿಯ ಮಟ್ಟಿಗೆ ಈ ಮಾತನ್ನು ಅಲ್ಲಗಳೆಯುವವರಿಲ್ಲ. ಆದರೆ ಮೊಬೈಲಿನ ಪರದೆಯ ಮೇಲೆ ತೆರೆಯುವ ಅಂಗಡಿಯ ವಿಷಯದಲ್ಲಿ ಅನೇಕರು ಬೇರೆ ರೀತಿಯಾಗಿ ತಿಳಿದಿದ್ದಾರೆ. ‘ಒಮ್ಮೆ ಹಣ ಕೊಟ್ಟು ಮಾಡಿಸಿದರಾಯಿತು; ಅನಂತರ ಅದು ತಾನಾಗಿ ನಡೆಯುತ್ತದೆ’ ಎಂಬುದು ಅವರ ಎಣಿಕೆ. ಈ ಎಣಿಕೆ ಏಕೆ ಸರಿಯಲ್ಲ, ಅಂಥ ಅಂಗಡಿಯನ್ನು ನಡೆಸುವ ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕಾದ ಕಾರಣವೇನು, ಪರಿಷ್ಕರಿಸುವ ಕ್ರಮವೇನು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ವಿಷಯವು ನಿಮಗೆ ದೂರದ್ದೆಂದು ತಿಳಿಯಬೇಡಿರಿ. ನಿಮ್ಮಲ್ಲಿ ಅನೇಕರ ತಂದೆಯವರೂ ಮಾವಂದಿರೂ ಈ ಮುಂಬಯಿಯಲ್ಲಿ ಹೋಟೆಲುಗಳನ್ನೋ ಅಂಗಡಿಗಳನ್ನೋ ನಡೆಸುತ್ತಾರೆ. ಇಲ್ಲವೆ ಅಂಥಲ್ಲಿ ದುಡಿಯುತ್ತಾರೆ. ಅವರ ವ್ಯಾಪಾರದ ಒಂದು ಪಾಲು ಈಗ ಪರದೆಯ ಮೇಲೆಯೇ ನಡೆಯುತ್ತದೆ. ನಾಳೆ ನಿಮ್ಮಲ್ಲಿಯೇ ಕೆಲವರು ಆ ಕೆಲಸಕ್ಕೆ ಕೈಹಾಕುವಿರಿ.

೧. ಆನ್‌ಲೈನ್ ಅಂಗಡಿಯ ಅಂಗಗಳು

ಪರದೆಯ ಮೇಲೆ ನಮಗೆ ಕಾಣುವುದು ಚಿತ್ರಗಳೂ ಬೆಲೆಗಳೂ ಮಾತ್ರ. ಆದರೆ ಅದರ ಹಿಂದೆ ಹಲವು ಅಂಗಗಳಿವೆ. ಸರಕಿನ ಪಟ್ಟಿಯನ್ನೂ ದಾಸ್ತಾನನ್ನೂ ಇಡುವ ಭಾಗ ಮೊದಲನೆಯದು. ಗ್ರಾಹಕನು ಆರಿಸಿದ ವಸ್ತುಗಳನ್ನು ಕೂಡಿಡುವ ಬುಟ್ಟಿ ಎರಡನೆಯದು. ಬೆಲೆ, ರಿಯಾಯಿತಿ, ತೆರಿಗೆಗಳನ್ನು ಲೆಕ್ಕ ಹಾಕಿ ಬಿಲ್ಲು ಮಾಡುವ ಭಾಗ ಮೂರನೆಯದು. ಹಣ ಪಡೆಯುವ ಭಾಗ ನಾಲ್ಕನೆಯದು. ಸರಕನ್ನು ರವಾನಿಸುವ, ಹಿಂದಿರುಗಿ ಬಂದುದನ್ನು ಸ್ವೀಕರಿಸುವ ಭಾಗ ಐದನೆಯದು. ಗ್ರಾಹಕರ ಹೆಸರು, ವಿಳಾಸ, ಪಾಸ್‌ವರ್ಡುಗಳನ್ನು ಕಾಪಾಡುವ ಭಾಗ ಆರನೆಯದು.

ಇವೆಲ್ಲವನ್ನೂ ಒಬ್ಬನೇ ಬರೆದಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಮನೆ ಕಟ್ಟುವವನು ಇಟ್ಟಿಗೆಯನ್ನೂ ಬೀಗವನ್ನೂ ನಲ್ಲಿಯನ್ನೂ ತಾನೇ ತಯಾರಿಸುವುದಿಲ್ಲವಷ್ಟೆ. ಅದರಂತೆಯೇ ಆನ್‌ಲೈನ್ ಅಂಗಡಿಯನ್ನು ಕಟ್ಟುವವನೂ ಬೇರೆಯವರು ಬರೆದಿಟ್ಟ ನೂರಾರು ಬಿಡಿಭಾಗಗಳನ್ನು ಜೋಡಿಸುತ್ತಾನೆ. ಆ ಭಾಗಗಳಲ್ಲಿ ಯಾವುದೊಂದು ಕೆಟ್ಟರೂ ಅಂಗಡಿಗೆ ಕೇಡು.

ನಿಮಗೆಲ್ಲ ತಿಳಿದಿರುವ ಒಂದು ಉದಾಹರಣೆಯನ್ನು ಕೊಡುವೆವು. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಲು ಮನೆಯವರು ಉದ್ಯಾನ ಎಕ್ಸ್‌ಪ್ರೆಸ್ಸಿನ ಟಿಕೆಟನ್ನು ಮೊಬೈಲಿನಲ್ಲಿಯೇ ತೆಗೆಯುತ್ತಾರೆ. ಅದೂ ಒಂದು ಆನ್‌ಲೈನ್ ಅಂಗಡಿಯೇ. ಅಲ್ಲಿ ಮಾರುವ ಸರಕು ಪ್ರಯಾಣದ ಸ್ಥಳ. ಐ.ಆರ್.ಸಿ.ಟಿ.ಸಿ. ಸಂಸ್ಥೆಯು ಇಂಟರ್‌ನೆಟ್ಟಿನ ಮೂಲಕ ಟಿಕೆಟ್ ಕೊಡಲಾರಂಭಿಸಿದ್ದು ೨೦೦೨ರಲ್ಲಿ. ೨೦೧೪ರಲ್ಲಿ ಅದು ಹೊಸ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತು. ೨೦೨೫ರ ಜುಲೈ ೧ರಿಂದ ತತ್ಕಾಲ್ ಟಿಕೆಟನ್ನು ಆಧಾರ್ ಮೂಲಕ ತಮ್ಮ ಗುರುತನ್ನು ದೃಢಪಡಿಸಿಕೊಂಡವರು ಮಾತ್ರ ಆನ್‌ಲೈನಿನಲ್ಲಿ ತೆಗೆಯಬಹುದೆಂಬ ನಿಯಮ ಬಂದಿತು. ಅಂಗಡಿಯ ಹೆಸರು ಒಂದೇ. ಆದರೆ ಒಳಗಿನ ತಂತ್ರಾಂಶ ೨೦೦೨ರದಲ್ಲ. ಹಾಗೆ ಬದಲಾಗದೆ ಇದ್ದಿದ್ದರೆ ಆ ಅಂಗಡಿ ಇಷ್ಟು ಕಾಲ ನಡೆಯುತ್ತಲೇ ಇರಲಿಲ್ಲ.

೨. ತುಕ್ಕು ಹಿಡಿಯದ ವಸ್ತು ಹಳೆಯದಾಗುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಮರಕ್ಕೆ ಗೆದ್ದಲು ಹತ್ತುತ್ತದೆ. ತಂತ್ರಾಂಶವಾದರೋ ಬರೆದಿಟ್ಟ ಸೂಚನೆಗಳ ಸಮೂಹ. ಎಷ್ಟು ಸಲ ಬಳಸಿದರೂ ಅದು ಸವೆಯುವುದಿಲ್ಲ. ಹೀಗಿರುವಲ್ಲಿ ಅದು ಹಳೆಯದಾಗುವುದೆಂದರೇನು?

ಇದಕ್ಕೆ ಉತ್ತರವನ್ನು ನಮ್ಮ ಹಿರಿಯರ ಕಾಲದ ಒಂದು ಸಂಗತಿಯಿಂದ ತಿಳಿಯಬಹುದು. ೧೯೫೭ರ ಏಪ್ರಿಲ್ ೧ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದಕ್ಕೆ ಮುಂಚೆ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ. ಖಾತೆಯ ಪುಸ್ತಕಗಳಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಅಂಕಣಗಳಿರುತ್ತಿದ್ದವು. ಅಂದಿನಿಂದ ರೂಪಾಯಿಗೆ ೧೦೦ ನಯೇ ಪೈಸೆಗಳಾದವು. ಎರಡು ಅಂಕಣಗಳು ಸಾಕಾದವು. ಹಳೆಯ ಖಾತೆಯ ಪುಸ್ತಕದ ಹಾಳೆ ಹರಿದಿರಲಿಲ್ಲ, ಶಾಯಿ ಮಾಸಿರಲಿಲ್ಲ. ಆದರೂ ಅದು ಹಳೆಯದಾಯಿತು. ಏಕೆಂದರೆ ಅದರ ಸುತ್ತಲಿನ ಜಗತ್ತು ಬದಲಾಯಿತು. ತಂತ್ರಾಂಶವು ಹಳೆಯದಾಗುವುದೂ ಹೀಗೆಯೇ.

ಒಂದು ವ್ಯತ್ಯಾಸವುಂಟು. ಅಂದಿನ ಅಂಗಡಿಯ ಗುಮಾಸ್ತನು ಪತ್ರಿಕೆಯನ್ನು ಓದಿದನು. ಆಣೆಯಿಂದ ಪೈಸೆಗೆ ಪರಿವರ್ತಿಸುವ ಕೋಷ್ಟಕವನ್ನು ಗೋಡೆಗೆ ಅಂಟಿಸಿದನು. ಕೆಲವು ದಿನಗಳಲ್ಲಿ ಹೊಸ ಲೆಕ್ಕವನ್ನು ರೂಢಿಸಿಕೊಂಡನು. ಯಂತ್ರವು ಪತ್ರಿಕೆಯನ್ನು ಓದುವುದಿಲ್ಲ. ಅದು ಹೇಳಿದಷ್ಟನ್ನು ಮಾತ್ರ ಮಾಡುವ ಸೇವಕ. ಜಗತ್ತು ಬದಲಾಯಿತೆಂದು ಯಾರಾದರೂ ಹೋಗಿ ತಿಳಿಸುವವರೆಗೆ ಅದು ನಿನ್ನೆಯ ಆಜ್ಞೆಯನ್ನೇ ನಿಷ್ಠೆಯಿಂದ ಪಾಲಿಸುತ್ತಿರುತ್ತದೆ. ಹೀಗೆ ಹೋಗಿ ತಿಳಿಸುವ ಕೆಲಸಕ್ಕೆ ‘ಅಪ್‌ಡೇಟ್’ ಎನ್ನುವರು. ಕನ್ನಡದಲ್ಲಿ ‘ಪರಿಷ್ಕರಣ’ ಎನ್ನಬಹುದು.

ಮೆಯರ್ ಲೇಮನ್ ಎಂಬ ವಿದ್ವಾಂಸರು ೧೯೭೪ರಲ್ಲಿಯೇ ಇದನ್ನು ಒಂದು ನಿಯಮವಾಗಿ ಹೇಳಿದರು. ಲೋಕವ್ಯವಹಾರಕ್ಕೆ ಬಳಸುವ ತಂತ್ರಾಂಶವನ್ನು ನಿರಂತರವಾಗಿ ಹೊಂದಿಸುತ್ತಲೇ ಇರಬೇಕು, ಇಲ್ಲವಾದರೆ ಅದರ ಉಪಯುಕ್ತತೆ ಕುಗ್ಗುತ್ತ ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ಆಗ ಆನ್‌ಲೈನ್ ಅಂಗಡಿಗಳು ಹುಟ್ಟಿರಲೇ ಇಲ್ಲ. ಆದರೂ ಆ ನಿಯಮವು ಇವುಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ.

೩. ಕಾನೂನು ಬದಲಾದಾಗ

ಸುತ್ತಲಿನ ಬದಲಾವಣೆಗಳಲ್ಲಿ ವರ್ತಕನಿಗೆ ಅತಿ ಹತ್ತಿರವಾದುದು ತೆರಿಗೆ. ೨೦೧೭ರ ಜುಲೈ ೧ರಂದು ದೇಶದಲ್ಲೆಲ್ಲ ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿ.ಎಸ್.ಟಿ., ಜಾರಿಗೆ ಬಂದಿತು. ಅಂದು ಮುಂಬಯಿಯ ಜಕಾತಿ ರದ್ದಾಗಿ, ಮುಲುಂಡ, ದಹಿಸರ ಮುಂತಾದ ನಾಕಾಗಳಲ್ಲಿ ಲಾರಿಗಳು ಜಕಾತಿಗಾಗಿ ಕಾಯುವುದು ನಿಂತಿತು. ಹಲವು ಬಗೆಯ ತೆರಿಗೆಗಳನ್ನು ಲೆಕ್ಕ ಹಾಕಲು ಬರೆದಿದ್ದ ತಂತ್ರಾಂಶಗಳನ್ನು ಆ ಮಧ್ಯರಾತ್ರಿಯಿಂದ ಹೊಸ ಕ್ರಮಕ್ಕೆ ತಿರುಗಿಸಬೇಕಾಯಿತು.

ತೀರ ಈಚಿನ ಉದಾಹರಣೆಯನ್ನು ನೋಡೋಣ. ೨೦೨೫ರ ಸೆಪ್ಟೆಂಬರ್ ೩ರಂದು ಜಿ.ಎಸ್.ಟಿ. ಮಂಡಲಿಯು ದರಗಳನ್ನು ಬದಲಾಯಿಸಲು ನಿರ್ಧರಿಸಿತು. ಸೆಪ್ಟೆಂಬರ್ ೨೨ರಂದು, ನವರಾತ್ರಿಯ ಮೊದಲ ದಿನ, ಅದು ಜಾರಿಗೆ ಬಂದಿತು. ಮುಂಚೆ ಶೇಕಡಾ ೫, ೧೨, ೧೮, ೨೮ ಎಂಬ ನಾಲ್ಕು ಮುಖ್ಯ ದರಗಳಿದ್ದವು. ಅನಂತರ ಹೆಚ್ಚಿನ ಸರಕುಗಳು ಶೇಕಡಾ ೫ಕ್ಕೋ ೧೮ಕ್ಕೋ ಸೇರಿದವು. ಕೆಲವು ಭೋಗವಸ್ತುಗಳಿಗೂ ಹಾನಿಕಾರಕ ವಸ್ತುಗಳಿಗೂ ಶೇಕಡಾ ೪೦ರ ದರ ಗೊತ್ತಾಯಿತು. ವರ್ತಕರಿಗೆ ದೊರೆತ ಕಾಲ ಮೂರು ವಾರವೂ ಇರಲಿಲ್ಲ.

ತಲೆಗೆ ಹಚ್ಚುವ ಎಣ್ಣೆಯ ತೆರಿಗೆ ಅಂದು ಶೇಕಡಾ ೧೮ರಿಂದ ೫ಕ್ಕೆ ಇಳಿಯಿತು. ತೆರಿಗೆಯನ್ನು ಬಿಟ್ಟು ಒಂದು ಸೀಸೆಯ ಬೆಲೆ ೨೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯ ದರದಂತೆ ತೆರಿಗೆ ೩೬ ರೂಪಾಯಿ, ಬಿಲ್ಲು ೨೩೬ ರೂಪಾಯಿ. ಹೊಸ ದರದಂತೆ ತೆರಿಗೆ ೧೦ ರೂಪಾಯಿ, ಬಿಲ್ಲು ೨೧೦ ರೂಪಾಯಿ. ತಂತ್ರಾಂಶವನ್ನು ತಿದ್ದದ ಅಂಗಡಿಯು ಪ್ರತಿಯೊಂದು ಸೀಸೆಗೂ ೨೬ ರೂಪಾಯಿಗಳನ್ನು ಅನ್ಯಾಯವಾಗಿ ಪಡೆಯುತ್ತದೆ. ೩೦೦ ಸೀಸೆಗಳು ಮಾರಿದರೆ ಆ ಮೊತ್ತ ೭,೮೦೦ ರೂಪಾಯಿ. ಆ ಹಣ ವರ್ತಕನಿಗೂ ದಕ್ಕದು. ತೆರಿಗೆಯೆಂದು ಹೇಳಿ ಪಡೆದುದನ್ನು ಸರಕಾರಕ್ಕೆ ಕಟ್ಟಬೇಕೆಂಬುದು ಕಾನೂನು. ಇದಕ್ಕೆ ವಿರುದ್ಧವಾಗಿ, ಅವಸರಪಟ್ಟು ೨೧ರಂದೇ ದರವನ್ನು ಇಳಿಸಿದವನು ಕಡಿಮೆ ಬಿದ್ದ ತೆರಿಗೆಯನ್ನು ತನ್ನ ಕೈಯಿಂದ ತೆರಬೇಕಾಗುತ್ತದೆ.

ಹಾಗಾದರೆ ೧೮ ಎಂಬ ಅಂಕಿಯನ್ನು ಒರೆಸಿ ೫ ಎಂದು ಬರೆದರೆ ಸಾಕಲ್ಲವೆ ಎಂದು ನೀವು ಕೇಳಬಹುದು. ಸಾಲದು. ಒಬ್ಬ ಗ್ರಾಹಕನು ಸೆಪ್ಟೆಂಬರ್ ೨೦ರಂದು ೨೩೬ ರೂಪಾಯಿ ಕೊಟ್ಟು ಎಣ್ಣೆಯನ್ನು ಕೊಂಡನೆನ್ನಿ. ಸೀಸೆ ಒಡೆದಿತ್ತೆಂದು ೨೫ರಂದು ಹಿಂದಿರುಗಿಸಿದನು. ಅವನಿಗೆ ಮರಳಿ ಸಲ್ಲಬೇಕಾದುದು ೨೩೬ ರೂಪಾಯಿ. ಆದರೆ ಹಳೆಯ ಅಂಕಿಯನ್ನು ಒರೆಸಿಬಿಟ್ಟ ತಂತ್ರಾಂಶವು ೫ರ ದರದಲ್ಲಿ ಲೆಕ್ಕ ಹಾಕಿ ೨೧೦ ರೂಪಾಯಿಗಳನ್ನಷ್ಟೇ ಕೊಡುವುದು. ಆದುದರಿಂದ ಒಳ್ಳೆಯ ತಂತ್ರಾಂಶದಲ್ಲಿ ದರದ ಜತೆಗೆ ದಿನಾಂಕವನ್ನೂ ಬರೆದಿರುತ್ತಾರೆ: ‘ಇಂಥ ದಿನದವರೆಗೆ ೧೮, ಇಂಥ ದಿನದಿಂದ ೫’ ಎಂದು. ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸುವುದೇ ಸರಿಯಾದ ಪರಿಷ್ಕರಣ. ಒಳ್ಳೆಯ ಗುಮಾಸ್ತನು ಹಿಂದಿನ ವರ್ಷದ ಖಾತೆಯ ಪುಸ್ತಕವನ್ನು ಸುಡುವುದಿಲ್ಲವಷ್ಟೆ.

೪. ಹಣ ಪಡೆಯುವ ಬಗೆಯೂ ಹೆಸರುಗಳೂ ಬದಲಾದಾಗ

ಮೊದಲು ಅನೇಕ ಆನ್‌ಲೈನ್ ಅಂಗಡಿಗಳು ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿಯೇ ಬರೆದಿಟ್ಟುಕೊಳ್ಳುತ್ತಿದ್ದವು. ಮುಂದಿನ ಸಲ ಬಂದವರಿಗೆ ಮತ್ತೆ ಟೈಪು ಮಾಡುವ ಶ್ರಮ ಬೇಡವೆಂದು. ಅಂಗಡಿಗೆ ಕನ್ನ ಬಿದ್ದರೆ ಆ ಸಂಖ್ಯೆಗಳೆಲ್ಲ ಕಳ್ಳರ ಪಾಲಾಗುತ್ತಿದ್ದವು. ಆದಕಾರಣ ೨೦೨೨ರ ಅಕ್ಟೋಬರ್ ೧ರಿಂದ, ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲದ ಸಂಸ್ಥೆಗಳ ಹೊರತು ಮತ್ತಾರೂ ಆ ಸಂಖ್ಯೆಯನ್ನು ಇಟ್ಟುಕೊಳ್ಳಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಸಂಖ್ಯೆಯ ಬದಲು ‘ಟೋಕನ್’ ಇಟ್ಟುಕೊಳ್ಳಬಹುದು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯಂತೆ ಇದು. ಆ ಬಿಲ್ಲೆ ಆ ಒಂದು ಕಟ್ಟೆಯಲ್ಲಿ ಮಾತ್ರ ಸಲ್ಲುತ್ತದೆ. ಬೇರೆ ಕಡೆ ತೋರಿಸಿದರೆ ಪ್ರಯೋಜನವಿಲ್ಲ. ಈ ನಿಯಮದಂತೆ ಅಂಗಡಿಗಳು ಹಣ ಪಡೆಯುವ ಭಾಗವನ್ನು ತಿದ್ದಬೇಕಾಯಿತು. ಕೂಡಿಟ್ಟ ಸಂಖ್ಯೆಗಳನ್ನು ಅಳಿಸಬೇಕಾಯಿತು.

ಸಣ್ಣದೆಂದು ತೋರುವ ಬದಲಾವಣೆಗಳೂ ಉಂಟು. ೨೦೧೦ರ ಜುಲೈ ೧೫ರಂದು ಉದಯಕುಮಾರ್ ಎಂಬವರು ರಚಿಸಿದ ₹ ಎಂಬ ಚಿಹ್ನೆಯನ್ನು ಸರಕಾರವು ರೂಪಾಯಿಯ ಗುರುತಾಗಿ ಸ್ವೀಕರಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆದರೆ ಪರಿಷ್ಕರಿಸದ ಕಂಪ್ಯೂಟರುಗಳಲ್ಲಿ ಆ ಚಿಹ್ನೆ ಇರಬೇಕಾದಲ್ಲಿ ಬರಿಯ ಚೌಕ ಕಾಣಿಸುತ್ತಿತ್ತು. ೨೦೧೪ರ ಜೂನ್ ೨ರಂದು ತೆಲಂಗಾಣ ರಾಜ್ಯವು ಹುಟ್ಟಿತು; ವಿಳಾಸದ ಪಟ್ಟಿಯಲ್ಲಿ ಹೊಸ ರಾಜ್ಯವನ್ನು ಸೇರಿಸದ ಅಂಗಡಿಯಲ್ಲಿ ಹೈದರಾಬಾದಿನ ಗ್ರಾಹಕನಿಗೆ ತನ್ನ ರಾಜ್ಯವೇ ಸಿಗದು. ಅದೇ ವರ್ಷದ ನವೆಂಬರ್ ೧ರಂದು ಬ್ಯಾಂಗಲೋರ್ ಎಂಬುದು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಬೆಂಗಳೂರಾಯಿತು. ಎರಡು ಹೆಸರುಗಳೂ ಒಂದೇ ಊರಿನವೆಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕಲ್ಲವೆ?

೫. ಬೀಗ ಹಳೆಯದಾದಾಗ

ಮೇಲೆ ಹೇಳಿದ ಬದಲಾವಣೆಗಳನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಇನ್ನು ಹೇಳಲಿರುವುದನ್ನು ಮರೆತರೆ ಮನೆಯೇ ದೋಚಿಹೋಗುತ್ತದೆ.

ಎಷ್ಟು ಎಚ್ಚರದಿಂದ ಬರೆದ ತಂತ್ರಾಂಶದಲ್ಲಿಯೂ ಕೆಲವು ತೂತುಗಳು ಉಳಿದಿರುತ್ತವೆ. ತೂತು ಕಂಡುಬಂದ ಕೂಡಲೇ ತಯಾರಕರು ಅದನ್ನು ಮುಚ್ಚುವ ಸಣ್ಣ ತಿದ್ದುಪಡಿಯನ್ನು ಹೊರಡಿಸುತ್ತಾರೆ. ಇದಕ್ಕೆ ‘ಪ್ಯಾಚ್’ ಎಂದು ಹೆಸರು. ನಮ್ಮ ‘ತೇಪೆ’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಇಲ್ಲೊಂದು ತೊಡಕಿದೆ. ‘ಇಂಥಲ್ಲಿ ತೂತಿತ್ತು, ತೇಪೆ ಹಚ್ಚಿರಿ’ ಎಂದು ಸಾರಿದಾಗ ಆ ಮಾತು ಅಂಗಡಿಯವರಿಗೂ ಕೇಳಿಸುತ್ತದೆ, ಕಳ್ಳರಿಗೂ ಕೇಳಿಸುತ್ತದೆ. ಅಂದಿನಿಂದ ಇಬ್ಬರಿಗೂ ಓಟದ ಸ್ಪರ್ಧೆ. ತೇಪೆ ಬಂದೂ ಹಚ್ಚದವನ ಸ್ಥಿತಿ ತೇಪೆಯೇ ಬಾರದಿದ್ದ ಕಾಲಕ್ಕಿಂತ ಹೆಚ್ಚು ಅಪಾಯಕರ.

ಮೆಜೆಂಟೊ ಎಂಬುದು ಆನ್‌ಲೈನ್ ಅಂಗಡಿಗಳನ್ನು ಕಟ್ಟಲು ಜಗತ್ತಿನಲ್ಲೆಲ್ಲ ಬಳಸಿದ ತಂತ್ರಾಂಶ. ಅದರ ಮೊದಲ ಆವೃತ್ತಿ ೨೦೦೮ರಲ್ಲಿ ಹೊರಬಂದಿತು. ೨೦೧೫ರ ಫೆಬ್ರುವರಿಯಲ್ಲಿ ಅದರ ಒಂದು ದೊಡ್ಡ ತೂತಿಗೆ ತೇಪೆ ಬಂದಿತು. ಏಪ್ರಿಲಿನಲ್ಲಿ ಆ ತೂತಿನ ವಿವರ ಬಹಿರಂಗವಾಯಿತು. ಎರಡು ತಿಂಗಳು ಕಳೆದಿದ್ದರೂ ಬಹಳ ಅಂಗಡಿಗಳು ತೇಪೆಯನ್ನು ಹಚ್ಚಿರಲಿಲ್ಲ. ಕಳ್ಳರು ಕೂಡಲೇ ಅಂಥವುಗಳಿಗೆ ಮುತ್ತಿದರು.

ಅದೇ ವರ್ಷ ಮೆಜೆಂಟೊದ ಎರಡನೆಯ ಆವೃತ್ತಿ ಬಂದಿತು. ಮೊದಲನೆಯದಕ್ಕೆ ೨೦೨೦ರ ಜೂನ್ ೩೦ರ ಅನಂತರ ಯಾವ ತೇಪೆಯನ್ನೂ ಕೊಡಲಾಗದೆಂದು ತಯಾರಕರು ಮುಂಚಿತವಾಗಿಯೇ ತಿಳಿಸಿದ್ದರು. ಹಾಗಿದ್ದರೂ ಸಹಸ್ರಾರು ಅಂಗಡಿಗಳು ಹಳೆಯದರಲ್ಲಿಯೇ ಉಳಿದವು. ೨೦೨೦ರ ಸೆಪ್ಟೆಂಬರಿನ ಒಂದೇ ವಾರಾಂತ್ಯದಲ್ಲಿ ಸುಮಾರು ೨,೦೦೦ ಮೆಜೆಂಟೊ ಅಂಗಡಿಗಳಿಗೆ ಕನ್ನ ಬಿದ್ದಿತು. ಅವುಗಳಲ್ಲಿ ಹೆಚ್ಚಿನವು ಹಳೆಯ ಆವೃತ್ತಿಯವು. ಕಳ್ಳರು ಸರಕನ್ನು ಮುಟ್ಟಲಿಲ್ಲ. ಹಣ ಕೊಡುವ ಪುಟದಲ್ಲಿ ಕೆಲವು ಸಾಲುಗಳನ್ನು ಗುಟ್ಟಾಗಿ ಸೇರಿಸಿದರು. ಗ್ರಾಹಕನು ಕಾರ್ಡಿನ ಸಂಖ್ಯೆಯನ್ನು ಟೈಪು ಮಾಡುತ್ತಿದ್ದಂತೆ ಅದರ ಒಂದು ನಕಲು ಕಳ್ಳರ ಕೈ ಸೇರುತ್ತಿತ್ತು. ಅಂಗಡಿ ಎಂದಿನಂತೆ ನಡೆಯುತ್ತಲೇ ಇತ್ತು. ಬಿಲ್ಲು ಬರುತ್ತಿತ್ತು, ಸರಕು ಮನೆ ತಲಪುತ್ತಿತ್ತು. ಪರದೆಯ ಅಂಗಡಿಯ ಕಳವಿನಲ್ಲಿ ಭಯಂಕರವಾದುದು ಇದೇ: ಬೀಗ ಮುರಿದ ಸದ್ದು ಯಾರಿಗೂ ಕೇಳಿಸುವುದಿಲ್ಲ, ನಷ್ಟಪಡುವವನು ಅಂಗಡಿಯನ್ನು ನಂಬಿ ಬಂದ ಗ್ರಾಹಕ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಅಂಗಡಿಯಲ್ಲ. ಜನರ ಸಾಲಸೋಲಗಳ ವಿವರವನ್ನು ಇಡುವ ಸಂಸ್ಥೆ. ಅಲ್ಲಿ ಬಳಸುತ್ತಿದ್ದ ಅಪಾಚಿ ಸ್ಟ್ರಟ್ಸ್ ಎಂಬ ಬಿಡಿಭಾಗಕ್ಕೆ ೨೦೧೭ರ ಮಾರ್ಚಿಯಲ್ಲಿ ತೇಪೆ ಬಂದಿತು. ಹಚ್ಚಬೇಕೆಂಬ ಆಜ್ಞೆಯೂ ಸಂಸ್ಥೆಯೊಳಗೆ ಹೊರಟಿತು. ಆದರೆ ಒಂದು ಕಡೆ ಅದು ಉಳಿದುಹೋಯಿತು; ಉಳಿದಿದೆಯೆಂಬುದನ್ನು ಯಾರೂ ಕಂಡುಹಿಡಿಯಲಿಲ್ಲ. ಮೇ ತಿಂಗಳಿನಲ್ಲಿ ಕಳ್ಳರು ಆ ತೂತಿನಿಂದಲೇ ಒಳಹೊಕ್ಕರು. ಜುಲೈ ಕೊನೆಯವರೆಗೆ ಅವರ ಸುಳಿವು ಸಿಗಲಿಲ್ಲ. ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರಗಳು ಹೊರಬಿದ್ದವು. ಆಜ್ಞೆ ಮಾಡುವುದು ಬೇರೆ, ಕೆಲಸವಾಯಿತೇ ಎಂದು ನೋಡುವುದು ಬೇರೆ ಎಂಬ ಪಾಠವನ್ನು ಇದರಿಂದ ಕಲಿಯಬೇಕು.

೬. ತಿದ್ದುವ ಕೈ ತಪ್ಪಿದಾಗ

ಇಷ್ಟನ್ನು ಓದಿ, ಬಂದ ಪರಿಷ್ಕರಣಗಳನ್ನೆಲ್ಲ ಬಂದ ಕ್ಷಣದಲ್ಲಿಯೇ ಕಣ್ಣುಮುಚ್ಚಿ ಹಾಕಬೇಕೆಂದು ತಿಳಿದರೆ ಅದೂ ತಪ್ಪು. ಔಷಧವನ್ನು ಕೊಳ್ಳುವುದು ಎಷ್ಟು ಮುಖ್ಯವೋ ಅಳತೆಯರಿತು ಕೊಡುವುದೂ ಅಷ್ಟೇ ಮುಖ್ಯ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬುದು ಷೇರುಗಳ ವ್ಯಾಪಾರವನ್ನು ಕಂಪ್ಯೂಟರಿನಿಂದ ನಡೆಸುತ್ತಿದ್ದ ಸಂಸ್ಥೆ. ೨೦೧೨ರಲ್ಲಿ ಅದರ ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶವನ್ನು ಹಾಕಬೇಕಾಗಿತ್ತು. ಏಳಕ್ಕೆ ಹಾಕಿದರು, ಒಂದು ಬಿಟ್ಟುಹೋಯಿತು. ಆ ಒಂದರಲ್ಲಿ ಬಹುಕಾಲದಿಂದ ಬಳಕೆ ತಪ್ಪಿದ್ದ ಹಳೆಯ ಸೂಚನೆಗಳು ಅಳಿಸದೆ ಉಳಿದಿದ್ದವು. ಆಗಸ್ಟ್ ೧ರಂದು ಪೇಟೆ ತೆರೆದೊಡನೆ ಅವು ಎಚ್ಚತ್ತು ಅಡ್ಡಾದಿಡ್ಡಿಯಾಗಿ ಷೇರುಗಳನ್ನು ಕೊಳ್ಳಲೂ ಮಾರಲೂ ತೊಡಗಿದವು. ಸುಮಾರು ೪೫ ನಿಮಿಷಗಳಲ್ಲಿ ಆದ ನಷ್ಟ ಸುಮಾರು ೪೪ ಕೋಟಿ ಡಾಲರು.

೨೦೨೪ರ ಜುಲೈ ೧೯ರ ಸಂಗತಿ ನಿಮಗೆ ನೆನಪಿರಬಹುದು. ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಹೊರಡಿಸಿದ ಒಂದು ಪರಿಷ್ಕರಣದಲ್ಲಿಯೇ ದೋಷವಿತ್ತು. ಅದು ಜಗತ್ತಿನ ಸುಮಾರು ೮೫ ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನಿಲ್ಲಿಸಿಬಿಟ್ಟಿತು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಸ್ವಲ್ಪ ಕಂಪ್ಯೂಟರುಗಳಿಗೆ ಮೊದಲು ಕಳುಹಿಸಿ, ಸರಿಯಾಯಿತೆಂದು ಕಂಡ ಮೇಲೆ ಉಳಿದವುಗಳಿಗೆ ಕಳುಹಿಸಿದ್ದರೆ ಹಾನಿ ಅಷ್ಟು ಹರಡುತ್ತಿರಲಿಲ್ಲ.

ಪರಿಷ್ಕರಿಸದಿದ್ದರೆ ಕೇಡು, ಕ್ರಮವಿಲ್ಲದೆ ಪರಿಷ್ಕರಿಸಿದರೂ ಕೇಡು. ಆದುದರಿಂದ ಕ್ರಮವನ್ನು ಅರಿಯಬೇಕು.

೭. ಪಾಲನೆಯ ಕ್ರಮ

ಮೊದಲನೆಯದಾಗಿ, ಅಂಗಡಿಯಲ್ಲಿ ಯಾವ ಯಾವ ಬಿಡಿಭಾಗಗಳಿವೆ, ಅವು ಯಾವ ಆವೃತ್ತಿಯವು ಎಂಬ ಪಟ್ಟಿ ಇರತಕ್ಕದ್ದು. ೨೦೨೧ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಭಾಗದಲ್ಲಿ ದೊಡ್ಡ ತೂತು ಕಂಡುಬಂದಿತು. ಅದು ದಿನಚರಿಯನ್ನು ಬರೆದಿಡುವ ಭಾಗ. ಲೆಕ್ಕವಿಲ್ಲದಷ್ಟು ತಂತ್ರಾಂಶಗಳೊಳಗೆ ಸೇರಿಕೊಂಡಿತ್ತು. ‘ಅದು ನಮ್ಮಲ್ಲಿದೆಯೇ?’ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ಅನೇಕರ ಅಮೂಲ್ಯ ಕಾಲ ಕಳೆಯಿತು.

ಎರಡನೆಯದಾಗಿ, ಸುದ್ದಿಯನ್ನು ಅರಿಯುವ ಒಬ್ಬ ಮನುಷ್ಯನಿರಬೇಕು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೩ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಹೊರಡಿಸುತ್ತದೆ. ನಮ್ಮ ದೇಶದಲ್ಲಿ ಸರ್ಟ್-ಇನ್ ಎಂಬ ಸರಕಾರಿ ಸಂಸ್ಥೆಯು ೨೦೦೪ರಿಂದ ಇಂಥ ವಿಷಯಗಳಲ್ಲಿ ಎಚ್ಚರಿಕೆಗಳನ್ನು ಕೊಡುತ್ತ ಬಂದಿದೆ. ತೆರಿಗೆಯ ಸುದ್ದಿಯನ್ನೂ ಬ್ಯಾಂಕಿನ ಸುದ್ದಿಯನ್ನೂ ಇವುಗಳ ಜತೆಗೆ ನೋಡುತ್ತಿರಬೇಕು. ಯಂತ್ರದ ಪರವಾಗಿ ಪತ್ರಿಕೆಯನ್ನು ಓದುವವನು ಇವನೇ.

ಮೂರನೆಯದಾಗಿ, ಕೈಹಾಕುವ ಮುನ್ನ ಇಡೀ ಅಂಗಡಿಯ ಪ್ರತಿಯೊಂದನ್ನು, ಎಂದರೆ ಬ್ಯಾಕಪ್ಪನ್ನು, ಬೇರೆ ಕಡೆ ಇಡತಕ್ಕದ್ದು. ಇಟ್ಟರೆ ಸಾಲದು, ಅದರಿಂದ ಅಂಗಡಿಯನ್ನು ಮತ್ತೆ ಎಬ್ಬಿಸಲಾಗುತ್ತದೆಯೇ ಎಂದು ಆಗಾಗ ಮಾಡಿ ನೋಡಬೇಕು. ಹೊಸದು ಕೆಟ್ಟರೆ ಹಿಂದಿರುಗುವ ದಾರಿ ಇದೊಂದೇ.

ನಾಲ್ಕನೆಯದಾಗಿ, ಪರಿಷ್ಕರಣವನ್ನು ಮೊದಲು ಅಂಗಡಿಯ ನಕಲಿನ ಮೇಲೆ ಪ್ರಯೋಗಿಸತಕ್ಕದ್ದು. ಅಲ್ಲಿ ಒಂದು ವಸ್ತುವನ್ನು ಕೊಂಡು ನೋಡಬೇಕು. ಒಂದು ಬೇಡಿಕೆಯನ್ನು ರದ್ದು ಮಾಡಿ ನೋಡಬೇಕು. ಹಳೆಯ ಬಿಲ್ಲಿನ ಸರಕನ್ನು ಹಿಂದಿರುಗಿಸಿ ನೋಡಬೇಕು. ಬಿಲ್ಲಿನ ಮೊತ್ತವನ್ನು ಕಾಗದದ ಮೇಲೆ ಲೆಕ್ಕ ಮಾಡಿ ತಾಳೆ ನೋಡಬೇಕು. ನಾವು ತರಗತಿಯಲ್ಲಿ ‘ತಾಳೆ ನೋಡಿರಿ’ ಎಂದಾಗ ಬೇಸರಪಡುವವರು ಇದನ್ನು ನೆನಪಿಡಲಿ.

ಐದನೆಯದಾಗಿ, ಹೊತ್ತನ್ನು ಅರಿಯಬೇಕು. ದೀಪಾವಳಿಯ ಹಿಂದಿನ ವಾರ, ಅಂಗಡಿ ತುಂಬಿರುವಾಗ, ದೊಡ್ಡ ಬದಲಾವಣೆಗಳನ್ನು ಮಾಡಕೂಡದು. ಗ್ರಾಹಕರು ವಿರಳವಾಗಿರುವ, ಆದರೆ ತಿದ್ದಬಲ್ಲವರು ಎಚ್ಚರವಾಗಿರುವ ಹೊತ್ತನ್ನು ಆರಿಸಬೇಕು. ದೊಡ್ಡ ತೂತಿಗೆ ಬಂದ ತೇಪೆಗೆ ಮಾತ್ರ ಈ ನಿಯಮವಿಲ್ಲ. ಅದನ್ನು ಪರೀಕ್ಷಿಸಿ ಆದಷ್ಟು ಬೇಗನೆ ಹಚ್ಚತಕ್ಕದ್ದು. ಕಳ್ಳರಿಗೆ ಹಬ್ಬದ ರಜೆಯಿಲ್ಲ.

ಆರನೆಯದಾಗಿ, ಯಾವ ದಿನ ಏನನ್ನು, ಯಾರು, ಏಕೆ ಬದಲಾಯಿಸಿದರೆಂಬುದನ್ನು ಬರೆದಿಡತಕ್ಕದ್ದು. ಮಾಡಿದವನು ಊರಿಗೆ ಹೋಗಬಹುದು, ಕೆಲಸವನ್ನು ಬಿಡಬಹುದು. ಬರೆದಿಟ್ಟುದು ಅಂಗಡಿಯಲ್ಲಿ ಉಳಿಯುತ್ತದೆ.

೮. ಈ ಕೆಲಸ ಯಾರದು?

ಸಣ್ಣ ವರ್ತಕರಲ್ಲಿ ಕೆಲವರು ಶಾಪಿಫೈಯಂಥ ಸಂಸ್ಥೆಗಳಲ್ಲಿ ತಿಂಗಳ ಬಾಡಿಗೆ ಕೊಟ್ಟು ಅಂಗಡಿ ಇಡುತ್ತಾರೆ. ಆಗ ಕಟ್ಟಡದ ತೇಪೆಯನ್ನು ಕಟ್ಟಡದ ಒಡೆಯನೇ ಹಚ್ಚುತ್ತಾನೆ. ಆದರೆ ಬೆಲೆ, ತೆರಿಗೆಯ ದರ, ಪಾಸ್‌ವರ್ಡು, ತಾನಾಗಿ ಸೇರಿಸಿಕೊಂಡ ಬಿಡಿಭಾಗ, ಇವುಗಳ ಹೊಣೆ ಬಾಡಿಗೆದಾರನದೇ. ಸ್ವಂತ ಕಟ್ಟಡವನ್ನು ಕಟ್ಟಿಸಿದವನಿಗಾದರೆ ಎಲ್ಲವೂ ಅವನ ಹೊಣೆ. ಕಟ್ಟಿಸುವ ದಿನವೇ ‘ಮುಂದೆ ಇದನ್ನು ನೋಡಿಕೊಳ್ಳುವವರಾರು? ವರ್ಷಕ್ಕೆ ಅದಕ್ಕೆಷ್ಟು ಹಣ ತೆಗೆದಿಡಬೇಕು?’ ಎಂದು ಕೇಳದವನು ಕಟ್ಟಡದ ಅರ್ಧ ಬೆಲೆಯನ್ನಷ್ಟೇ ತಿಳಿದಿರುತ್ತಾನೆ. ಮನೆಯವರು ಅಂಥ ಅಂಗಡಿಯನ್ನು ಮಾಡಿಸುವಾಗ ಈ ಎರಡು ಪ್ರಶ್ನೆಗಳನ್ನು ನೀವು ಅವರಿಗೆ ನೆನಪಿಸಬಹುದು.

ಪಾಲನೆಯ ಕೆಲಸಕ್ಕೆ ಹೊಗಳಿಕೆ ಕಡಿಮೆ. ಹೊಸದನ್ನು ಕಟ್ಟಿದವನಿಗೆ ಹಾರ ಬೀಳುತ್ತದೆ; ಕೆಡದಂತೆ ನೋಡಿಕೊಂಡವನ ಹೆಸರು ಯಾರಿಗೂ ತಿಳಿಯುವುದಿಲ್ಲ. ಏನೂ ಆಗದಿರುವುದೇ ಅವನ ಕೆಲಸದ ಫಲ. ನಮ್ಮವರಿಗೆ ಈ ಬಗೆಯ ಕೆಲಸ ಹೊಸದಲ್ಲ. ಈ ನಗರದ ಉಡುಪಿ ಹೋಟೆಲಿನಲ್ಲ���ಿ ಗಿರಾಕಿಯು ಕಾಣುವುದು ಬೆಳಗಿನ ಬಿಸಿ ಇಡ್ಲಿಯನ್ನು. ರಾತ್ರಿ ಎಲ್ಲರೂ ಹೋದ ಮೇಲೆ ರುಬ್ಬುವ ಯಂತ್ರವನ್ನು ಬಿಚ್ಚಿ ತೊಳೆದಿಟ್ಟವನನ್ನು ಅವನು ಕಾಣುವುದಿಲ್ಲ. ಒಂದು ರಾತ್ರಿ ಅದನ್ನು ತೊಳೆಯದಿದ್ದರೆ ಮರುದಿನದ ಹಿಟ್ಟೇ ಕೆಡುತ್ತದೆ. ಹಗಲು ಅಂಥ ಕೆಲಸವನ್ನು ಮಾಡಿ, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಅನೇಕರು. ಅವರ ಮಕ್ಕಳೂ ಮೊಮ್ಮಕ್ಕಳೂ ಆದ ನಿಮಗೆ ಪಾಲನೆಯ ಗೌರವವನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಯಂತ್ರವು ಬೇರೆಯಾಗಿದೆ, ಗುಣ ಒಂದೇ.

ಸಾರಾಂಶ

ತಂತ್ರಾಂಶವು ಸವೆಯುವುದಿಲ್ಲ, ಸುತ್ತಲಿನ ಕಾನೂನು, ಹಣದ ವ್ಯವಹಾರ, ಹೆಸರುಗಳು, ಕಳ್ಳರ ಉಪಾಯಗಳು ಬದಲಾಗುವುದರಿಂದ ಹಳೆಯದಾಗುತ್ತದೆ. ಈ ಬದಲಾವಣೆಗಳನ್ನು ಅದು ತಾನಾಗಿ ಅರಿಯದು. ಹೊಣೆಯರಿತ ಮನುಷ್ಯನು ಅದಕ್ಕೆ ತಿಳಿಸುತ್ತಿರಬೇಕು. ಪಟ್ಟಿ, ಸುದ್ದಿ, ಪ್ರತಿ, ಪ್ರಯೋಗ, ಹೊತ್ತು, ದಾಖಲೆ, ಈ ಆರನ್ನೂ ಮರೆಯದೆ ಪರಿಷ್ಕರಿಸತಕ್ಕದ್ದು. ಪರದೆಯ ಆಚೆಗಿರುವ ಗ್ರಾಹಕನು ಅಂಗಡಿಯವನ ಮುಖವನ್ನು ಕಾಣದೆಯೇ ತನ್ನ ಹಣವನ್ನು ಅವನ ಕೈಯಲ್ಲಿಡುತ್ತಾನೆ. ಆ ನಂಬಿಕೆಯನ್ನು ಕಾಯುವುದೇ ಈ ಎಲ್ಲ ಶ್ರಮದ ಉದ್ದೇಶ.

ಅಭ್ಯಾಸ

೧. ೧೯೫೭ರಲ್ಲಿ ಹಳೆಯ ಖಾತೆಯ ಪುಸ್ತಕವು ಹಳೆಯದಾದುದಕ್ಕೂ ತಂತ್ರಾಂಶವು ಹಳೆಯದಾಗುವುದಕ್ಕೂ ಇರುವ ಹೋಲಿಕೆಯನ್ನೂ ವ್ಯತ್ಯಾಸವನ್ನೂ ಬರೆಯಿರಿ.

೨. ತೆರಿಗೆಯನ್ನು ಬಿಟ್ಟು ಒಂದು ಶಾಂಪೂ ಸೀಸೆಯ ಬೆಲೆ ೧೫೦ ರೂಪಾಯಿ. ೨೦೨೫ರ ಸೆಪ್ಟೆಂಬರ್ ೨೨ರಂದು ತೆರಿಗೆ ಶೇಕಡಾ ೧೮ರಿಂದ ೫ಕ್ಕೆ ಇಳಿಯಿತು. ೨೧ರ ಬಿಲ್ಲೆಷ್ಟು? ೨೨ರ ಬಿಲ್ಲೆಷ್ಟು? ೨೧ರಂದು ಕೊಂಡವನು ೨೪ರಂದು ಹಿಂದಿರುಗಿಸಿದರೆ ಅವನಿಗೆ ಸಲ್ಲಬೇಕಾದುದೆಷ್ಟು?

೩. ತೇಪೆ ಬಂದೂ ಹಚ್ಚದಿದ್ದರೆ ಅಪಾಯ ಹೆಚ್ಚುವುದೇಕೆ?

೪. ನೈಟ್ ಕ್ಯಾಪಿಟಲ್ ಮತ್ತು ಈಕ್ವಿಫ್ಯಾಕ್ಸ್ ಸಂಸ್ಥೆಗಳಲ್ಲಿ ನಡೆದ ತಪ್ಪುಗಳಲ್ಲಿ ಸಮಾನವಾದ ಅಂಶವಾವುದು?

೫. ನಿಮ್ಮ ಮನೆಯ ಹತ್ತಿರದ ಒಬ್ಬ ಅಂಗಡಿಯವರನ್ನು ಕಂಡು, ತೆರಿಗೆಯ ದರ ಬದಲಾದಾಗ ಅವರು ತಮ್ಮ ಬಿಲ್ಲಿನ ತಂತ್ರಾಂಶವನ್ನು ಹೇಗೆ ತಿದ್ದಿದರೆಂದು ವಿನಯದಿಂದ ಕೇಳಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.